ಅಲ್ಪಾವಧಿ ಪ್ರಮಾಣಪತ್ರ ಮತ್ತು ಕಾಯಕದ ಅರ್ಹತೆ: ಸಮುದಾಯ ಕಾಲೇಜುಗಳ ಕುರಿತು

12ನೆಯ ಶತಮಾನದ ಶರಣರ ಹೆಸರುಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ಸಂಗತಿ ತಾನಾಗಿಯೇ ಎದ್ದು ಕಾಣುತ್ತದೆ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ವೈದ್ಯ ಸಂಗಣ್ಣ ಇವರೆಲ್ಲರೂ ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಹೊತ್ತವರು. ಹಗ್ಗ ಹೊಸೆಯುವುದನ್ನಾಗಲಿ ಬುಟ್ಟಿ ಹೆಣೆಯುವುದನ್ನಾಗಲಿ ಕಲಿಯಲು ಆ ಕಾಲದಲ್ಲಿ ಯಾರೂ ಮನೆಯ ಹೊರಗೆ ಹೋಗಬೇಕಾಗಿರಲಿಲ್ಲ. ಮನೆಯ ಅಂಗಳವೇ ಪಾಠಶಾಲೆಯಾಗಿತ್ತು, ಹಿರಿಯರೇ ಗುರುಗಳಾಗಿದ್ದರು. ಇಂದಿನ ಸ್ಥಿತಿ ಹಾಗಿಲ್ಲ. ಸೌರಶಕ್ತಿಯ ಪಂಪ್‌ಸೆಟ್ ದುರಸ್ತಿ, ಗಣಕಯಂತ್ರದಲ್ಲಿ ಲೆಕ್ಕಪತ್ರ ನಿರ್ವಹಣೆ, ಆಸ್ಪತ್ರೆಯಲ್ಲಿ ರೋಗಿಯ ಆರೈಕೆ ಮುಂತಾದ ಕೆಲಸಗಳ ಜ್ಞಾನ ರೈತನ ಮನೆಯೊಳಗಿಲ್ಲ. ಅದನ್ನು ಹೊರಗಿನಿಂದಲೇ ಪಡೆಯಬೇಕು. ಮೂರು ಅಥವಾ ನಾಲ್ಕು ವರ್ಷಗಳ ಪದವಿಗೆ ಹೋಗುವ ಅನುಕೂಲವಿಲ್ಲದವರಿಗೆ ಈ ಜ್ಞಾನ ದೊರೆಯುವ ದಾರಿ ಯಾವುದು? ಈ ಪ್ರಶ್ನೆಗೆ ಲೋಕವು ಕಂಡುಕೊಂಡ ಉತ್ತರಗಳಲ್ಲಿ ಸಮುದಾಯ ಕಾಲೇಜು ಮುಖ್ಯವಾದುದು.

ಈ ಕಲ್ಪನೆ ಮೂಡಿದ್ದು ಅಮೆರಿಕದಲ್ಲಿ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಆರು ಮಂದಿ ವಿದ್ಯಾರ್ಥಿಗಳೊಂದಿಗೆ ಆರಂಭವಾದ ಕಾಲೇಜನ್ನು ಆ ದೇಶದ ಅತ್ಯಂತ ಹಳೆಯ ಸಾರ್ವಜನಿಕ ಸಮುದಾಯ ಕಾಲೇಜೆಂದು ಪರಿಗಣಿಸಲಾಗಿದೆ. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗದ 1947ರ ವರದಿಯ ನಂತರ ‘ಸಮುದಾಯ ಕಾಲೇಜು’ ಎಂಬ ಹೆಸರು ಎಲ್ಲೆಡೆ ರೂಢಿಗೆ ಬಂದಿತು. ಮನೆಗೆ ಸಮೀಪವಿರುವುದು, ಕಡಿಮೆ ಶುಲ್ಕ, ವಯಸ್ಸಿನ ನಿರ್ಬಂಧವಿಲ್ಲದ ಪ್ರವೇಶ, ದುಡಿಯುವವರಿಗಾಗಿ ಸಂಜೆಯ ತರಗತಿ, ಆ ಊರಿನ ಉದ್ಯೋಗಗಳಿಗೆ ಹೊಂದುವ ಪಾಠ ಇವು ಅದರ ಲಕ್ಷಣಗಳು. ಎರಡು ವರ್ಷಗಳ ಪದವಿಯ ಜೊತೆಗೆ ಕೆಲವೇ ವಾರಗಳಿಂದ ಒಂದು ವರ್ಷದವರೆಗಿನ ಪ್ರಮಾಣಪತ್ರ ಕೋರ್ಸುಗಳೂ ಅಲ್ಲಿವೆ. ವೆಲ್ಡಿಂಗ್, ಲಾರಿ ಚಾಲನೆ, ಶುಶ್ರೂಷಾ ಸಹಾಯಕ ಮೊದಲಾದ ವೃತ್ತಿಗಳಿಗೆ ಜನ ಸೇರುವುದು ಇಲ್ಲಿಗೇ.

ಆ ದೇಶದಲ್ಲಿ 2025ರ ಜುಲೈನಲ್ಲಿ ಜಾರಿಗೆ ಬಂದ ಒಂದು ಕಾಯಿದೆ ನಮಗೂ ವಿಚಾರಕ್ಕೆ ವಸ್ತುವಾಗಬಲ್ಲದು. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ನೀಡುವ ಪೆಲ್ ಅನುದಾನವನ್ನು 2026ರ ಜುಲೈನಿಂದ 8ರಿಂದ 15 ವಾರಗಳ ಅಲ್ಪಾವಧಿ ಕೋರ್ಸುಗಳಿಗೂ ವಿಸ್ತರಿಸಲು ಅದು ಅವಕಾಶ ನೀಡಿದೆ. ಆದರೆ ಅದಕ್ಕೆ ನಿಬಂಧನೆಗಳಿವೆ. ಸೇರಿದವರಲ್ಲಿ ಶೇ. 70ರಷ್ಟು ಮಂದಿ ಕೋರ್ಸನ್ನು ಪೂರ್ಣಗೊಳಿಸಿರಬೇಕು, ಪೂರ್ಣಗೊಳಿಸಿದವರಲ್ಲಿ ಶೇ. 70ರಷ್ಟು ಮಂದಿಗೆ ಉದ್ಯೋಗ ದೊರೆತಿರಬೇಕು. ಎಷ್ಟು ಜನ ಮುಗಿಸಿದರು, ಎಷ್ಟು ಜನ ದುಡಿಮೆಗೆ ಸೇರಿದರು ಎಂಬ ಈ ಎರಡು ಪ್ರಶ್ನೆಗಳನ್ನು ಕೇಳಲು ಯಾವ ಕಾಯಿದೆಯೂ ಬೇಕಿಲ್ಲ. ನಮ್ಮ ತಾಲ್ಲೂಕಿನ ತರಬೇತಿ ಕೇಂದ್ರದ ಬಾಗಿಲಲ್ಲಿ ನಿಂತ ತಂದೆತಾಯಿಯೂ ಇದನ್ನೇ ಕೇಳಬಹುದು. ಕೇಳುವವರು ಕಡಿಮೆ ಎಂಬುದೇ ಖೇದದ ಸಂಗತಿ.

ಭಾರತದಲ್ಲಿ ಪುದುಚೇರಿ ವಿಶ್ವವಿದ್ಯಾಲಯವು 1995ರಲ್ಲಿಯೇ ಸಮುದಾಯ ಕಾಲೇಜನ್ನು ಆರಂಭಿಸಿತು. ದೇಶವ್ಯಾಪಿಯಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಯೋಜನೆ ರೂಪುಗೊಂಡದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಸಹ ಅಧಿಸೂಚಿತವಾಯಿತು. ಯೋಜನೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳಿತು. ಆರು ತಿಂಗಳ ಪ್ರಮಾಣಪತ್ರಕ್ಕೆ 30 ಕ್ರೆಡಿಟ್, ಒಂದು ವರ್ಷದ ಡಿಪ್ಲೊಮಾಕ್ಕೆ 60, ಎರಡು ವರ್ಷದ ಉನ್ನತ ಡಿಪ್ಲೊಮಾಕ್ಕೆ 120. ಒಂದು ಕ್ರೆಡಿಟ್ ಎಂದರೆ ತಲಾ ಒಂದು ಗಂಟೆಯ 15 ಪಾಠ ಅಥವಾ ಪ್ರಯೋಗದ ಅವಧಿಗಳು. ಒಟ್ಟು ಕಲಿಕೆಯಲ್ಲಿ ಶೇ. 60 ಭಾಗ ಕೌಶಲಕ್ಕೆ, ಶೇ. 40 ಭಾಗ ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಲೆಕ್ಕ ಹಾಕಿದರೆ ಆರು ತಿಂಗಳ ಕೋರ್ಸಿನ 450 ಗಂಟೆಗಳಲ್ಲಿ 270 ಗಂಟೆ ಕಸುಬಿಗೆ, 180 ಗಂಟೆ ಭಾಷೆ, ಸಂವಹನ, ಸಾಮಾನ್ಯ ಜ್ಞಾನ ಇತ್ಯಾದಿಗಳಿಗೆ ಸಲ್ಲುತ್ತದೆ.

ಈ 270 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೈ ಪಳಗುವುದು ಗಂಟೆಗಳಿಂದಲೇ ಹೊರತು ಕರಪತ್ರದ ಬಣ್ಣದಿಂದಲ್ಲ. ಆರು ತಿಂಗಳ ಕೋರ್ಸೆಂದು ಹೇಳಿ ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ ಪಾಠ ಮಾಡುವ ಸಂಸ್ಥೆಯಲ್ಲಿ ವಿದ್ಯಾರ್ಥಿಗೆ ದೊರೆಯುವುದು ಸುಮಾರು 50 ಗಂಟೆ ಮಾತ್ರ. ತಿಂಗಳುಗಳ ಲೆಕ್ಕದಲ್ಲಿ ಎರಡೂ ಕೋರ್ಸು ಒಂದೇ. ಹಾಗಾಗಿ ಪ್ರವೇಶಕ್ಕೆ ಮುನ್ನ ಅವಧಿಯನ್ನು ತಿಂಗಳಲ್ಲಲ್ಲ, ಗಂಟೆಗಳಲ್ಲಿ ಕೇಳಿ ತಿಳಿಯಬೇಕು. ಯಂತ್ರದ ಮುಂದೆ ಎಷ್ಟು ಗಂಟೆ, ಹಲಗೆಯ ಮುಂದೆ ಎಷ್ಟು ಗಂಟೆ ಎಂಬುದನ್ನೂ ಪ್ರತ್ಯೇಕವಾಗಿ ಕೇಳಬೇಕು.

ಸಮುದಾಯ ಕಾಲೇಜೆಂಬ ಹೆಸರಿಲ್ಲದಿದ್ದರೂ ಅದೇ ಆಶಯದ ಕೆಲಸ ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ನಡೆದಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದೊಂದಿಗೆ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಊಟ ಮತ್ತು ವಸತಿಯ ಸಹಿತ ಉಚಿತ ತರಬೇತಿ ನೀಡುವ ಈ ಮಾದರಿಯನ್ನೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಮುಂದೆ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ದೇಶಕ್ಕೆಲ್ಲ ವಿಸ್ತರಿಸಿತು. ದ್ವಿಚಕ್ರ ವಾಹನ ದುರಸ್ತಿ, ಮೊಬೈಲ್ ದುರಸ್ತಿ, ಮೋಟಾರ್ ರಿವೈಂಡಿಂಗ್, ಹೊಲಿಗೆ ಮೊದಲಾದವಕ್ಕೆ 30 ದಿನಗಳು. ಹೈನುಗಾರಿಕೆಗೆ 10 ದಿನಗಳು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ, ಅಲ್ಲೇ ವಾಸ. ತರಬೇತಿ ಮುಗಿದ ಬಳಿಕವೂ ಎರಡು ವರ್ಷ ಕಾಲ ಶಿಬಿರಾರ್ಥಿಗಳ ಬೆನ್ನ ಹಿಂದೆ ನಿಂತು ಬ್ಯಾಂಕ್ ಸಾಲ ಹಾಗೂ ಸಲಹೆಯ ವಿಷಯದಲ್ಲಿ ನೆರವಾಗುವುದು ಈ ಸಂಸ್ಥೆಗಳ ಪದ್ಧತಿ. ಈ ಎರಡು ವರ್ಷಗಳ ಅನುಸರಣೆಯೇ ಅದರ ನಿಜವಾದ ಬಲವೆಂದು ನಮ್ಮ ಅಭಿಪ್ರಾಯ. ಕಲಿಸಿ ಕೈಬಿಡುವ ಸಂಸ್ಥೆಗಳಿಗೆ ಕೊರತೆಯಿಲ್ಲ.

ಯಂತ್ರೋದ್ಯಮದಲ್ಲಿ ಆಸಕ್ತಿಯುಳ್ಳವರಿಗೆ 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳನ್ನು ಹೊಂದಿದೆ. ಸಿಎನ್‌ಸಿ ಯಂತ್ರ ಚಾಲನೆಯಂತಹ ಅಲ್ಪಾವಧಿ ಕೋರ್ಸುಗಳು ಅಲ್ಲಿ ದೊರೆಯುತ್ತವೆ. ಪರಂಪರೆಯ ಕಸುಬಿನವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಇದೆ. ಅದರಲ್ಲಿರುವ 18 ವೃತ್ತಿಗಳ ಪಟ್ಟಿಯಲ್ಲಿ ಬುಟ್ಟಿ ಹೆಣೆಯುವವರು, ಬಟ್ಟೆ ಮಡಿ ಮಾಡುವವರು, ಪಾದರಕ್ಷೆ ಮಾಡುವವರು, ದೋಣಿ ಕಟ್ಟುವವರು, ಹೊಲಿಗೆಯವರು ಇದ್ದಾರೆ. ಅನುಭವ ಮಂಟಪದಲ್ಲಿ ಕುಳಿತವರ ಕಸುಬುಗಳನ್ನೇ ಯಾರೋ ಮತ್ತೆ ಬರೆದಿಟ್ಟಂತಿದೆ! ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500 ಭತ್ಯೆ ಮತ್ತು ಉಪಕರಣಗಳಿಗಾಗಿ ರೂ. 15,000 ಈ ಯೋಜನೆಯಡಿ ಇದೆ.

ಇನ್ನು ಎಚ್ಚರಿಕೆಯ ಮಾತು. ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೂ ಅದೇ.

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಆರು ತಿಂಗಳಲ್ಲಿ ನರ್ಸಿಂಗ್’ ಎಂಬ ಜಾಹೀರಾತುಗಳನ್ನು ಎಲ್ಲರೂ ಕಂಡಿದ್ದೇವೆ. ಗ್ರಾಮೀಣ ಭಾಗದ ಹೆಣ್ಣುಮಕ್ಕಳು ಈ ಮಾತನ್ನು ನಂಬಿ, ತಾಯಿಯ ಒಡವೆ ಅಡವಿಟ್ಟು ಶುಲ್ಕ ಕಟ್ಟುವುದುಂಟು. ಆರು ತಿಂಗಳಲ್ಲಿ ಯಾರೂ ನರ್ಸ್ ಆಗಲಾರರು. ಎಎನ್‌ಎಂ ಎರಡು ವರ್ಷದ, ಜಿಎನ್‌ಎಂ ಮೂರು ವರ್ಷದ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಶಿಕ್ಷಣ. ಅವುಗಳನ್ನು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮುಗಿಸಿ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ನರ್ಸ್ ಎನಿಸಿಕೊಳ್ಳುತ್ತಾರೆ. ಅಲ್ಪಾವಧಿ ಕೋರ್ಸಿನಿಂದ ದೊರೆಯುವುದು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’, ಅಂದರೆ ರೋಗಿಯ ದೈನಂದಿನ ಆರೈಕೆಯ ಸಹಾಯಕರ ಅರ್ಹತೆ. ರೋಗಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ಊಟ ಉಣಿಸುವುದು, ನಡೆದಾಡಲು ಆಸರೆಯಾಗುವುದು ಅವರ ಕೆಲಸ. ಇದು ಯಾವ ರೀತಿಯಿಂದಲೂ ಕೀಳಾದ ಕಾಯಕವಲ್ಲ. ವಯಸ್ಸಾದವರಿರುವ ಮನೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಅದು ಅತ್ಯಗತ್ಯವಾದ ಸೇವೆ. ಆದರೆ ಈ ಕೆಲಸವನ್ನು ಅದರ ಹೆಸರಿನಿಂದಲೇ ಕರೆದು ಕಲಿಸಬೇಕು. ಬೇರೊಂದು ಹೆಸರಿಟ್ಟು ಹಣ ಪಡೆಯುವುದು ವಂಚನೆ.

ಔಷಧದ ಅಂಗಡಿಯ ವಿಷಯವೂ ಹೀಗೆಯೇ. 1948ರ ಫಾರ್ಮಸಿ ಕಾಯಿದೆಯಂತೆ ವೈದ್ಯರ ಚೀಟಿಗೆ ಔಷಧ ವಿತರಿಸುವ ಅಧಿಕಾರ ನೋಂದಾಯಿತ ಔಷಧಜ್ಞರಿಗೆ ಮಾತ್ರ. ಮೂರು ತಿಂಗಳ ‘ಫಾರ್ಮಸಿ ಸಹಾಯಕ’ ಪ್ರಮಾಣಪತ್ರದಿಂದ ಅಂಗಡಿ ತೆರೆಯಲಾಗದು. ಕೆಲವು ವೃತ್ತಿಗಳಿಗೆ ಕೌಶಲವೊಂದೇ ಸಾಕು. ಇನ್ನು ಕೆಲವಕ್ಕೆ ಕಾನೂನಿನ ಪರವಾನಗಿಯೂ ಬೇಕು. ಹೊಲಿಗೆ, ಮೊಬೈಲ್ ದುರಸ್ತಿ ಮೊದಲ ಗುಂಪಿನವು. ಶುಶ್ರೂಷೆ, ಔಷಧ ವಿತರಣೆ, ಭಾರಿ ವಾಹನ ಚಾಲನೆ ಎರಡನೆಯ ಗುಂಪಿನವು. ಸೇರುವ ಮೊದಲು ಆಯ್ದ ವೃತ್ತಿ ಯಾವ ಗುಂಪಿನದೆಂದು ತಿಳಿದರೆ ಅರ್ಧ ಮೋಸ ತಪ್ಪುತ್ತದೆ.

ಉಳಿದರ್ಧ ಮೋಸ ಪ್ರಮಾಣಪತ್ರದ ಮೇಲಿನ ಮುದ್ರೆಯಲ್ಲಿದೆ. ಸಮುದಾಯ ಕಾಲೇಜಿನ ಕೋರ್ಸಾದರೆ ಅದು ಸಂಯೋಜನೆ ಹೊಂದಿರುವ ವಿಶ್ವವಿದ್ಯಾಲಯ ಯಾವುದೆಂದು ಕೇಳಬೇಕು. ಇತರ ಕೌಶಲ ತರಬೇತಿಯಾದರೆ ಪ್ರಮಾಣಪತ್ರ ನೀಡುವ ಸಂಸ್ಥೆಗೆ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತಿನ, ಅಂದರೆ ಎನ್‌ಸಿವಿಇಟಿಯ, ಮಾನ್ಯತೆ ಇದೆಯೇ ಎಂದು ನೋಡಬೇಕು. ಕೌಶಲ ಚೌಕಟ್ಟಿನ ಎಷ್ಟನೆಯ ಹಂತದ ಅರ್ಹತೆ ಎಂಬುದು ಪತ್ರದಲ್ಲಿಯೇ ನಮೂದಾಗಿರಬೇಕು. ಹಿಂದಿನ ತಂಡದ ವಿದ್ಯಾರ್ಥಿಯೊಬ್ಬರ ಪ್ರಮಾಣಪತ್ರವನ್ನು ತೋರಿಸಲು ಕೇಳುವುದು ತಪ್ಪಲ್ಲ. ತೋರಿಸಲು ಹಿಂದೆಮುಂದೆ ನೋಡುವ ಸಂಸ್ಥೆಯಿಂದ ದೂರವಿರುವುದೇ ಕ್ಷೇಮ.

ಇಷ್ಟಾದರೂ ಅಲ್ಪಾವಧಿ ಶಿಕ್ಷಣದತ್ತ ಅನೇಕ ಕುಟುಂಬಗಳು ಹೊರಳಿ ನೋಡದಿರುವುದಕ್ಕೆ ಮೋಸದ ಭಯಕ್ಕಿಂತ ಮಾನದ ಪ್ರಶ್ನೆಯೇ ದೊಡ್ಡ ಕಾರಣ. ಪದವೀಧರನಾದ ಮಗ ಮನೆಯಲ್ಲಿ ಸುಮ್ಮನೆ ಕುಳಿತರೂ ಸರಿ, ಮೋಟಾರು ಬಿಚ್ಚುವ ಕೆಲಸಕ್ಕೆ ಹೋಗಬಾರದೆಂಬ ಭಾವನೆ ನಮ್ಮಲ್ಲಿದೆ. ಬಸವಾದಿ ಶರಣರನ್ನು ನೆನೆಯುವ ಮನೆಗಳಲ್ಲಿಯೂ ಇದೆ ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತು ಮಾರಿ ಮೋಳಿಗೆಯ ಮಾರಯ್ಯನಾದನೆಂದು ಶರಣ ಪರಂಪರೆ ಹೇಳುತ್ತದೆ. ಆ ಕಥೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗುವವರು ಮಗನಿಗೆ ವೆಲ್ಡಿಂಗ್ ಕಲಿಯಲು ಮನಸ್ಸಾಗಿದೆ ಎಂದಾಗ ಏಕೆ ಮುಖ ಬಾಡಿಸಿಕೊಳ್ಳುತ್ತಾರೆ?

ಹಾಗೆಂದು ಪದವಿಯನ್ನು ಬಿಟ್ಟು ಎಲ್ಲರೂ ಕಸುಬಿಗೆ ಹೋಗಲಿ ಎಂಬುದು ನಮ್ಮ ಮಾತಲ್ಲ. ಓದುವ ಶಕ್ತಿಯಿರುವ ಬಡ ಮಕ್ಕಳನ್ನು ಬೇಗ ದುಡಿಮೆಗೆ ತಳ್ಳಲು ಅಲ್ಪಾವಧಿ ಕೋರ್ಸು ನೆಪವಾಗಬಾರದು. ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ಮಠಗಳು ನಡೆಸಿಕೊಂಡು ಬಂದಿರುವುದು ಅಂತಹ ಮಕ್ಕಳು ಓದನ್ನು ನಿಲ್ಲಿಸದಿರಲೆಂದೇ. ಕ್ರೆಡಿಟ್ ಪದ್ಧತಿಯ ಉಪಯೋಗ ಇಲ್ಲಿ ಗೋಚರಿಸುತ್ತದೆ. ಆರು ತಿಂಗಳ ಪ್ರಮಾಣಪತ್ರ ಪಡೆದು ದುಡಿಮೆಗೆ ಸೇರಿದವರು ಮುಂದೊಂದು ದಿನ ಅದೇ ವಿಷಯದ ಡಿಪ್ಲೊಮಾಕ್ಕೆ ಮರಳಿ, ಹಿಂದೆ ಗಳಿಸಿದ 30 ಕ್ರೆಡಿಟ್‌ಗಳ ಮೇಲೆಯೇ ಮುಂದಿನದನ್ನು ಕಟ್ಟಲು ಯೋಜನೆಯಲ್ಲಿ ಅವಕಾಶವಿದೆ. ಈ ಏಣಿಯಿರುವ ಕೋರ್ಸನ್ನೇ ಆರಿಸಿಕೊಳ್ಳುವುದು ಜಾಣತನ.

ಸಾಲದ ಬಗೆಗೆ ಒಂದು ಮಾತು. ತರಬೇತಿಯ ಬಳಿಕ ಬ್ಯಾಂಕು ಕೊಡಲು ಸಿದ್ಧವಿದೆ ಎಂಬ ಕಾರಣಕ್ಕೆ ಅಗತ್ಯಕ್ಕಿಂತ ಹೆಚ್ಚಿನ ಸಾಲ ತೆಗೆಯುವುದುಂಟು. ಒಂದು ಹೊಲಿಗೆ ಯಂತ್ರ ಸಾಕಾಗುವಲ್ಲಿ ಐದು ಕೊಂಡು, ಎರಡನೆಯ ವರ್ಷ ನಾಲ್ಕನ್ನು ಮಾರಿದವರಿದ್ದಾರೆ. ಪತಿ ಮಾರಯ್ಯ ಅಂದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ವಿವೇಕ ಇಲ್ಲಿಯೂ ಅನ್ವಯಿಸುತ್ತದೆ. ಮೊದಲ ಯಂತ್ರದ ಸಾಲ ತೀರಿದ ಮೇಲೆ ಎರಡನೆಯದನ್ನು ಯೋಚಿಸಬಹುದು.

ಎಸ್‌ಎಸ್‌ಎಲ್‌ಸಿ ಹಾಗೂ ಪಿಯುಸಿ ಫಲಿತಾಂಶದ ನಂತರದ ವಾರಗಳಲ್ಲಿ ಪ್ರವೇಶದ ಗಡಿಬಿಡಿ ಹೆಚ್ಚು. ಅದಕ್ಕೆ ಮುನ್ನವೇ ಒಂದು ದಿನ ಬಿಡುವು ಮಾಡಿಕೊಂಡು ಮಗ ಅಥವಾ ಮಗಳೊಂದಿಗೆ ಸಂಸ್ಥೆಗೆ ಹೋಗಿ, ಕಚೇರಿಯಲ್ಲಿ ಕೂರದೆ ನೇರವಾಗಿ ಕಾರ್ಯಾಗಾರವನ್ನು ನೋಡಬೇಕು. ಯಂತ್ರಗಳ ಮೇಲೆ ಧೂಳಿದೆಯೇ, ಎಣ್ಣೆಯ ಕಲೆಯಿದೆಯೇ ಎಂಬುದನ್ನು ಗಮನಿಸಿದರೆ ಅಲ್ಲಿ ಕೆಲಸ ನಡೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕಗಳ ಪ್ರತಿಗಳನ್ನು ಸಿದ್ಧವಿಟ್ಟುಕೊಳ್ಳಬೇಕು. ಮೂಲ ಅಂಕಪಟ್ಟಿಯನ್ನು ಯಾವ ತರಬೇತಿ ಕೇಂದ್ರದಲ್ಲಿಯೂ ಒತ್ತೆಯಾಗಿ ಬಿಟ್ಟು ಬರಬಾರದು. ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯ ವಿಳಾಸ ತಿಳಿಯದವರು ತಮ್ಮ ಜಿಲ್ಲೆಯ ಅಗ್ರಣಿ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ವಿಚಾರಿಸಬಹುದು.