'ಹೈದರ್': ಹ್ಯಾಮ್ಲೆಟ್‌ನ ದೆವ್ವ ಕಾಶ್ಮೀರದಲ್ಲಿ ಯಾರಾಯಿತು?

ಹಳೆಯ ನಾಟಕವನ್ನು ಸಿನಿಮಾ ಮಾಡೋದು ಅಂದರೆ ರಾಜನಿಗೆ ಸೂಟು ಹಾಕಿಸಿ, ಕತ್ತಿ ಬದಲು ಪಿಸ್ತೂಲು ಕೊಡೋದಾ? ವಿಶಾಲ್ ಭಾರದ್ವಾಜ್ ಅವರ 'ಹೈದರ್' (2014) ಬೇರೆಯದೇ ದಾರಿ ಹಿಡಿಯಿತು.

ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ಡೆನ್ಮಾರ್ಕ್ ಅರಮನೆಯ ಕತೆ. ರಾಜ ಸತ್ತಿದ್ದಾನೆ. ಅವನ ತಮ್ಮ ಪಟ್ಟಕ್ಕೇರಿ ಅತ್ತಿಗೆಯನ್ನೇ ಮದುವೆಯಾಗಿದ್ದಾನೆ. ಸತ್ತ ರಾಜ ದೆವ್ವವಾಗಿ ಬಂದು, ಕೊಂದವನ ಮೇಲೆ ಸೇಡು ತೀರಿಸಿಕೊಳ್ಳು ಅಂತ ಮಗನಿಗೆ ಹೇಳುತ್ತಾನೆ.

ಭಾರದ್ವಾಜ್ ಮತ್ತು ಕಾಶ್ಮೀರಿ ಪತ್ರಕರ್ತ ಬಶಾರತ್ ಪೀರ್ ಇದನ್ನು 1995ರ ಕಾಶ್ಮೀರಕ್ಕೆ ತಂದರು. ಇಲ್ಲಿ ಹೈದರ್‌ನ ಅಪ್ಪ ಡಾಕ್ಟರ್. ಉಗ್ರನೊಬ್ಬನಿಗೆ ಮನೆಯಲ್ಲೇ ಆಪರೇಷನ್ ಮಾಡಿದ್ದಕ್ಕೆ ಸೇನೆ ಅವರನ್ನು ಎತ್ತಿಕೊಂಡು ಹೋಗುತ್ತದೆ. ಆಮೇಲೆ ಬದುಕಿದ್ದಾರೋ ಇಲ್ಲವೋ, ಮನೆಯವರಿಗೆ ಗೊತ್ತಾಗುವುದಿಲ್ಲ.

ಸಿನಿಮಾದ ಜೀವ ಇರೋದು ಇಲ್ಲೇ. ದೆವ್ವ ಬದುಕಿಗೂ ಸೇರದ್ದು, ಸಾವಿಗೂ ಸೇರದ್ದು. ಕಾಶ್ಮೀರದ 'ಕಾಣೆಯಾದವರ' ಸ್ಥಿತಿಯೂ ಅದೇ. ಅವರ ಹೆಂಡತಿಯರನ್ನು ಅಲ್ಲಿ 'ಅರ್ಧ ವಿಧವೆಯರು' ಎಂದೇ ಕರೆಯುತ್ತಾರೆ. ಹಾಗಾಗಿ ಸಿನಿಮಾಕ್ಕೆ ಮಾಯಾಮಂತ್ರದ ದೆವ್ವ ಬೇಕಾಗಲೇ ಇಲ್ಲ. ಅಪ್ಪನ ಜೊತೆ ಸೆರೆಯಲ್ಲಿದ್ದ ಒಬ್ಬಾತ ಬಂದು ನಡೆದದ್ದನ್ನು ಹೇಳುತ್ತಾನೆ.

ಹ್ಯಾಮ್ಲೆಟ್ ತನ್ನ ದೇಶವನ್ನು ಸೆರೆಮನೆಗೆ ಹೋಲಿಸುತ್ತಾನೆ. ಸಿನಿಮಾದಲ್ಲಿ ಅದು ಬರೀ ಹೋಲಿಕೆಯಲ್ಲ. ಒಬ್ಬ ತನ್ನದೇ ಮನೆ ಬಾಗಿಲಲ್ಲಿ ನಿಂತುಬಿಡುತ್ತಾನೆ. ಯಾರಾದರೂ ಮೈ ತಡಕಿ, ಗುರುತಿನ ಚೀಟಿ ಕೇಳಿದರಷ್ಟೇ ಒಳಗೆ ಹೋಗುತ್ತಾನೆ. ಹ್ಯಾಮ್ಲೆಟ್‌ನ ಹುಚ್ಚಾಟ ಇಲ್ಲಿ ಲಾಲ್ ಚೌಕದಲ್ಲಿ ಆಫ್‌ಸ್ಪಾ ಬಗ್ಗೆ ಮಾಡುವ ಭಾಷಣವಾಗುತ್ತದೆ. ಕೇಂದ್ರದ ಅನುಮತಿ ಇಲ್ಲದೆ ಯೋಧರ ಮೇಲೆ ಕೇಸು ನಡೆಸಲಾಗದ ಕಾಯ್ದೆ ಅದು.

ದೊಡ್ಡ ಬದಲಾವಣೆ ಕೊನೆಯಲ್ಲಿದೆ. ಹ್ಯಾಮ್ಲೆಟ್ ಚಿಕ್ಕಪ್ಪನನ್ನು ಕೊಂದು ತಾನೂ ಸಾಯುತ್ತಾನೆ. ಹೈದರ್ ಬಂದೂಕು ಹಿಡಿದೂ ಗುಂಡು ಹಾರಿಸದೆ ನಡೆದುಬಿಡುತ್ತಾನೆ. ಅಪ್ಪನನ್ನು ಹಿಡಿದುಕೊಟ್ಟವನು ಚಿಕ್ಕಪ್ಪನೇ ನಿಜ. ಆದರೆ ಮಾಹಿತಿದಾರ, ಕ್ಯಾಂಪು, ಕಾಯ್ದೆ ಎಲ್ಲವೂ ಸೇರಿ ನಡೆಸಿದ ಕೊಲೆಗೆ ಒಬ್ಬನ ತಲೆ ತೆಗೆದರೆ ನ್ಯಾಯ ಸಿಗುತ್ತಾ?

ಕಾಶ್ಮೀರಿ ಪಂಡಿತರ ನೋವಿಗೆ ಸಿನಿಮಾ ಜಾಗ ಕೊಟ್ಟಿಲ್ಲ ಎಂಬ ಟೀಕೆ ಬಂತು. ಅದನ್ನು ತಳ್ಳಿಹಾಕುವಂತಿಲ್ಲ. ಒಂದು ಕುಟುಂಬದ ಕತೆಯೊಳಗೆ ಕಣಿವೆಯ ಎಲ್ಲ ಗಾಯಗಳೂ ಹಿಡಿಯಲಿಲ್ಲ.

ನಮಗೂ ಇದು ಹೊಸದಲ್ಲ. ಕುವೆಂಪು 'ರಕ್ತಾಕ್ಷಿ'ಯಲ್ಲಿ ಇದೇ ಹ್ಯಾಮ್ಲೆಟ್‌ನನ್ನು ಬಿದನೂರಿಗೆ ಕರೆತಂದಿದ್ದರು. ಮುಂದಿನ ಸಲ ಇಂಥ ಸಿನಿಮಾ ಬಂದಾಗ 'ಮೂಲಕ್ಕೆ ನಿಷ್ಠವಾಗಿದೆಯಾ' ಅಂತ ಕೇಳುವ ಮೊದಲು, ಈ ಕತೆ ಇಲ್ಲಿಗೇ, ಈಗಲೇ ಯಾಕೆ ಬಂತು ಅಂತ ಕೇಳೋಣ.