ವಾರಕ್ಕೊಂದೇ ದಿನ ಕ್ಲಾಸು, ಬರವಣಿಗೆ ಮಾತ್ರ ವಾರವಿಡೀ

ಆಗಸ್ಟ್ ಕೊನೆಯಲ್ಲಿ ಮಗಳು ತನ್ನ ಕಾಲೇಜಿನ ವೇಳಾಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಾಗ ನಮ್ಮಿಬ್ಬರ ಕಣ್ಣೂ ಒಂದೇ ಸಾಲಿನ ಮೇಲೆ ನಿಂತಿತು. ಇಂಗ್ಲಿಷ್ ಬರವಣಿಗೆ ಕೋರ್ಸು, 4 ಯೂನಿಟ್. ಕ್ಲಾಸು ಗುರುವಾರ ಬೆಳಿಗ್ಗೆ 10ರಿಂದ 12. ಅಷ್ಟೇ.

‘ಉಳಿದ ದಿನ?’ ಎಂದು ಕೇಳಿದೆವು.

‘ಉಳಿದದ್ದೆಲ್ಲ ಆನ್‌ಲೈನ್. ಇದು ಹೈಬ್ರಿಡ್ ಕ್ಲಾಸ್’ ಎಂದಳು.

ಗಂಡ-ಹೆಂಡತಿ ಇಬ್ಬರೂ ಲೆಕ್ಕಪತ್ರದವರು ನಾವು. ದಾವಣಗೆರೆಯಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮುಗಿಸಿ ಸಿಎ ಆಗಿ, ಈಗ ಹಲವು ವರ್ಷಗಳಿಂದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿದ್ದೇವೆ. ನಾಲ್ಕು ಯೂನಿಟ್‌ಗೆ ಫೀಸು ಕಟ್ಟಿಸಿಕೊಂಡು ವಾರಕ್ಕೆ ಎರಡೇ ಗಂಟೆ ಪಾಠ ಎಂದರೆ ಲೆಕ್ಕ ಎಲ್ಲೋ ತಾಳೆಯಾಗುತ್ತಿಲ್ಲ ಅನ್ನಿಸಿತು. ತಪ್ಪಿದ್ದು ಕಾಲೇಜಿನ ಲೆಕ್ಕವಲ್ಲ, ನಮ್ಮದು ಎಂದು ತಿಳಿಯಲು ಒಂದು ಸೆಮಿಸ್ಟರ್ ಬೇಕಾಯಿತು. ಮಕ್ಕಳನ್ನು ಇಲ್ಲಿನ ಕಾಲೇಜಿಗೆ ಸೇರಿಸುವ ಕನ್ನಡಿಗ ಕುಟುಂಬಗಳಿಗೂ ಊರಿನಿಂದ ಓದಲು ಹೊರಟವರಿಗೂ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ.

192 ಗಂಟೆಯ ಲೆಕ್ಕ

ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಲಿ, ನರ್ಸಿಂಗ್ ಓದಲಿ, ಪದವಿಗೆ ಸೇರಿದ ಬಹುತೇಕ ಎಲ್ಲರೂ ಮೊದಲ ವರ್ಷ ಒಂದು ಬರವಣಿಗೆ ಕೋರ್ಸು ಮಾಡಲೇಬೇಕು. ಹಾರ್ವರ್ಡ್‌ನಲ್ಲಿ 1885ರಷ್ಟು ಹಿಂದೆಯೇ ಹೊಸ ವಿದ್ಯಾರ್ಥಿಗಳಿಗೆ ಇಂತಹ ಕೋರ್ಸು ಬಂದಿತ್ತು. ಕ್ಯಾಲಿಫೋರ್ನಿಯಾದ 116 ಸಮುದಾಯ ಕಾಲೇಜುಗಳಲ್ಲಿ ಇದಕ್ಕೆ ಮೊದಲು ಒಂದೊಂದು ಕಡೆ ಒಂದೊಂದು ಹೆಸರಿತ್ತು. 2025ರಿಂದ ಎಲ್ಲೆಡೆ ‘ಇಂಗ್ಲಿಷ್ ಸಿ1000’ ಎಂಬ ಒಂದೇ ಸಂಖ್ಯೆ ಬರುತ್ತಿದೆ. ಎರಡು ವರ್ಷ ಇಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಇದು ಹೊಸ್ತಿಲಿದ್ದಂತೆ, ದಾಟದೆ ಒಳಗೆ ಹೋಗುವಂತಿಲ್ಲ. ಹಿಂದೆ ಪ್ರವೇಶದ ಹೊತ್ತಿಗೆ ಪರೀಕ್ಷೆಯಿಟ್ಟು, ಇಂಗ್ಲಿಷ್ ಸಾಲದು ಎಂದು ಎಷ್ಟೋ ಮಕ್ಕಳನ್ನು ಪೂರ್ವಸಿದ್ಧತೆಯ ಕೋರ್ಸುಗಳಿಗೆ ಕಳಿಸುತ್ತಿದ್ದರು. 2017ರ ರಾಜ್ಯ ಕಾನೂನಿನ ನಂತರ ಹೆಚ್ಚಿನವರು ನೇರವಾಗಿ ಈ ಕೋರ್ಸಿಗೇ ಬರುತ್ತಾರೆ. ಹಾಗಾಗಿ ಒಂದೇ ಕ್ಲಾಸಿನಲ್ಲಿ ನಿರರ್ಗಳವಾಗಿ ಬರೆಯುವವರೂ ಇರುತ್ತಾರೆ, ಪ್ಯಾರಾ ಎಲ್ಲಿ ಮುರಿಯಬೇಕೆಂದು ತಿಳಿಯದವರೂ ಇರುತ್ತಾರೆ.

ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ನಾಲ್ಕು ಯೂನಿಟ್‌ಗೆ 184. ಒಂದು ಯೂನಿಟ್ ಎಂದರೆ ವಿದ್ಯಾರ್ಥಿಯ ಕಡೆಯಿಂದ ಕನಿಷ್ಠ 48 ಗಂಟೆಗಳ ದುಡಿಮೆ. ನಾಲ್ಕಕ್ಕೆ 192 ಗಂಟೆ. ಹದಿನಾರು ವಾರಕ್ಕೆ ಹಂಚಿದರೆ ವಾರಕ್ಕೆ 12. ಅದರಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಕೋಣೆಯೊಳಗಿನ ಎರಡು ಗಂಟೆ ಮಾತ್ರ. ಇನ್ನೆರಡು ಗಂಟೆ ಶಿಕ್ಷಕಿಯ ಪಾಠ, ಚರ್ಚೆ ಎಲ್ಲ ಆನ್‌ಲೈನ್‌ನಲ್ಲಿ. ಉಳಿದ ಎಂಟು ಗಂಟೆ ಓದು ಮತ್ತು ಬರವಣಿಗೆ, ತಾನೊಬ್ಬಳೇ ಕುಳಿತು ಮಾಡಬೇಕಾದದ್ದು. ಕ್ಲಾಸು ಪೂರ್ತಿ ಕೋಣೆಯಲ್ಲೇ ನಡೆದರೂ ಈ ಎಂಟು ಗಂಟೆ ತಪ್ಪದು. ಹೈಬ್ರಿಡ್‌ನಲ್ಲಿ ಆ ಹೊತ್ತಿಗೆ ಗಂಟೆ ಬಾರಿಸುವವರು ಇಲ್ಲ, ಅಷ್ಟೇ ವ್ಯತ್ಯಾಸ.

ಇದನ್ನು ನಮ್ಮ ಕಡೆಯ ‘ಅಂಚೆ ತೆರಪಿನ ಶಿಕ್ಷಣ’ ಎಂದುಕೊಳ್ಳಬಾರದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಆ ವ್ಯವಸ್ಥೆಯಿಂದ, ಮುಂದೆ 1996ರಲ್ಲಿ ಅದೇ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾದ ಮೇಲೆ, ನಮ್ಮ ಬಂಧುಬಳಗದಲ್ಲೇ ಹಲವರು ಕೆಲಸ ಮಾಡುತ್ತ ಪದವಿ ಪಡೆದಿದ್ದಾರೆ. ಅಲ್ಲಿ ಪುಸ್ತಕ ಮನೆಗೆ ಬರುತ್ತಿತ್ತು, ಓದಿಕೊಂಡು ಪರೀಕ್ಷೆಗೆ ಹೋಗಬೇಕಿತ್ತು. ಇಲ್ಲಿ ಆನ್‌ಲೈನ್ ಭಾಗದಲ್ಲೂ ಶಿಕ್ಷಕರು ನಿಯಮಿತವಾಗಿ ವಿದ್ಯಾರ್ಥಿಗಳ ಜೊತೆ ಸಂಪರ್ಕದಲ್ಲಿರಬೇಕೆಂದು ಕೇಂದ್ರದ ನಿಯಮವೇ ಇದೆ.

ಒಂದು ವಾರ ಹೀಗಿರುತ್ತದೆ

ಮಗಳ ಕಾಲೇಜಿನಲ್ಲಿ ಎಲ್ಲವೂ ನಡೆಯುವುದು ‘ಕ್ಯಾನ್ವಾಸ್’ ಎಂಬ ತಂತ್ರಾಂಶದಲ್ಲಿ. ಸೋಮವಾರ ಆ ವಾರದ ಪಾಠ ತೆರೆದುಕೊಳ್ಳುತ್ತದೆ. ಎರಡು ಲೇಖನ ಓದಬೇಕು, ಶಿಕ್ಷಕಿಯ ಚಿಕ್ಕ ವಿಡಿಯೊ ನೋಡಬೇಕು. ಬುಧವಾರ ರಾತ್ರಿಯೊಳಗೆ ಓದಿದ್ದರ ಬಗ್ಗೆ 250 ಪದಗಳ ಅಭಿಪ್ರಾಯ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು. ಭಾನುವಾರ ರಾತ್ರಿ 11.59ರೊಳಗೆ ಇಬ್ಬರು ಸಹಪಾಠಿಗಳು ಬರೆದದ್ದಕ್ಕೆ ಉತ್ತರ ಕೊಡಬೇಕು. ‘ಚೆನ್ನಾಗಿದೆ, ಒಪ್ಪುತ್ತೇನೆ’ ಎಂದರೆ ಅಂಕವಿಲ್ಲ. ಏಕೆ ಒಪ್ಪುತ್ತೇನೆ, ಎಲ್ಲಿ ಒಪ್ಪುವುದಿಲ್ಲ ಎಂದು ಹೇಳಬೇಕು.

ಗುರುವಾರದ ಎರಡು ಗಂಟೆಯಲ್ಲಿ ಶಿಕ್ಷಕಿ ಭಾಷಣ ಮಾಡುವುದು ಕಡಿಮೆ. ಪಾಠ ಆಗಲೇ ಮನೆಯಲ್ಲಿ ಆಗಿರುತ್ತದೆ. ಕ್ಲಾಸಿನಲ್ಲಿ ಮೂವರು ಮೂವರು ಕುಳಿತು ಒಬ್ಬರ ಕರಡನ್ನು ಇನ್ನೊಬ್ಬರು ಓದುತ್ತಾರೆ. ಒಮ್ಮೊಮ್ಮೆ ಫೋನು, ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಸಿ, ಕಾಗದದ ಮೇಲೆ ಪೆನ್ನಿನಲ್ಲಿ ಅರ್ಧ ಗಂಟೆ ಬರೆಸುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಿಂದ ಬಂದ ಪ್ರಬಂಧ ಯಾರದ್ದು ಎಂಬ ಪ್ರಶ್ನೆ ಎಲ್ಲ ಕಡೆಯೂ ಎದ್ದಿದೆ. ಯಂತ್ರ ಬರೆದದ್ದನ್ನು ಹಿಡಿಯುತ್ತೇವೆ ಎನ್ನುವ ತಂತ್ರಾಂಶಗಳನ್ನು ಪೂರ್ತಿ ನಂಬುವಂತಿಲ್ಲ. ಕಣ್ಣೆದುರು ಬರೆದ ಒಂದು ಪುಟ ಕೈಯಲ್ಲಿದ್ದರೆ ಹುಡುಗಿಯ ಧಾಟಿ ಯಾವುದು, ಅವಳ ವಾಕ್ಯ ಹೇಗಿರುತ್ತದೆ ಎಂದು ಶಿಕ್ಷಕಿಗೆ ಗೊತ್ತಾಗುತ್ತದೆ.

ಸೆಮಿಸ್ಟರ್‌ಗೆ ನಾಲ್ಕು ದೊಡ್ಡ ಪ್ರಬಂಧ. ಪ್ರತಿಯೊಂದಕ್ಕೂ ಮೊದಲ ಕರಡು, ಸಹಪಾಠಿಗಳ ಟಿಪ್ಪಣಿ, ಶಿಕ್ಷಕಿಯ ಜೊತೆ ಹದಿನೈದು ನಿಮಿಷ ಮಾತು, ಎರಡನೇ ಕರಡು, ಕೊನೆಯ ಪ್ರತಿ. ಜೊತೆಗೆ ‘ಏನನ್ನು ಬದಲಿಸಿದೆ, ಏಕೆ’ ಎಂದು ಒಂದು ಪುಟ. ಎಲ್ಲದಕ್ಕೂ ಅಂಕವಿದೆ. ಕೊನೆಯ ಪ್ರತಿ ಎಷ್ಟೇ ಸೊಗಸಾಗಿರಲಿ, ಕರಡುಗಳಿಲ್ಲದಿದ್ದರೆ ಅರ್ಧ ಅಂಕ ಹೋಯಿತು. ಬರವಣಿಗೆಯೆಂದರೆ ಸಿದ್ಧವಸ್ತುವಲ್ಲ, ಅದೊಂದು ಪ್ರಕ್ರಿಯೆ, ಅದನ್ನೇ ಕಲಿಸಬೇಕು ಎಂದು ಡೊನಾಲ್ಡ್ ಮರ್ರೆ ಎಂಬ ಅಮೆರಿಕನ್ ಅಧ್ಯಾಪಕರು 1972ರಲ್ಲಿ ವಾದಿಸಿದ್ದರು. ಆ ಮಾತು ಈಗ ಇಲ್ಲಿನ ಕ್ಲಾಸುಗಳಲ್ಲಿ ಬೇರೂರಿದೆ.

ನಮಗೆ ಇದು ಹೊಸದು. ನಮ್ಮ ಬಿ.ಕಾಂ. ಇಂಗ್ಲಿಷ್ ಪತ್ರಿಕೆಗೆ ನಾವು ಒಂದೇ ಒಂದು ಕರಡು ಬರೆದವರಲ್ಲ. ಗೈಡಿನಲ್ಲಿದ್ದ ಉತ್ತರ ಬಾಯಿಪಾಠ ಮಾಡಿದೆವು, ಮೂರು ಗಂಟೆಯಲ್ಲಿ ಕಕ್ಕಿ ಬಂದೆವು, ಪಾಸಾದೆವು. ನಮ್ಮ ಅಭಿಪ್ರಾಯ ಏನೆಂದು ಯಾರೂ ಕೇಳಲಿಲ್ಲ, ನಮಗೂ ಅಂಥದ್ದೊಂದು ಇರಬೇಕೆಂದು ಅನ್ನಿಸಿರಲಿಲ್ಲ.

ನಾವು ಮಾಡಿದ ತಪ್ಪು

ಎರಡನೇ ಪ್ರಬಂಧದ ವಿಷಯ ಗ್ರಂಥಾಲಯದ ದಂಡ. ಸ್ಯಾನ್ ಫ್ರಾನ್ಸಿಸ್ಕೋ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ ತಡವಾಗಿ ಬಂದ ಪುಸ್ತಕಕ್ಕೆ ದಂಡ ಹಾಕುವುದನ್ನೇ ಕೈಬಿಟ್ಟಿತು. ಇದು ಸರಿಯೇ ಎಂದು ವಾದಿಸಬೇಕಿತ್ತು. ಹಣಕಾಸಿನ ವಿಷಯ, ಹೇಳಿ ಕೇಳಿ ನಮ್ಮ ಕ್ಷೇತ್ರ. ಭಾನುವಾರ ರಾತ್ರಿ ಹನ್ನೊಂದಾದರೂ ಮಗಳ ಪ್ರಬಂಧ ಮುಗಿದಿರಲಿಲ್ಲ. ವಾರವಿಡೀ ಕ್ಲಾಸಿಲ್ಲವಲ್ಲ ಎಂದು ಬಿಡುವಾಗಿ ಇದ್ದವಳು ಕೊನೆಯ ಸಂಜೆ ಕುಳಿತಿದ್ದಳು. ಕಣ್ಣಲ್ಲಿ ನೀರು. ‘ಕೊಡಿಲ್ಲಿ, ಸ್ವಲ್ಪ ತಿದ್ದಿಕೊಡ್ತೀವಿ’ ಎಂದು ಲ್ಯಾಪ್‌ಟಾಪ್ ಎಳೆದುಕೊಂಡೆವು. ಒಬ್ಬರು ಹೇಳಿದೆವು, ಒಬ್ಬರು ಟೈಪ್ ಮಾಡಿದೆವು. ಮೂರು ಪ್ಯಾರಾ ಹೊಸದಾಗಿ ಕೂತವು. ಅವಳ ‘ನನಗೆ ಅನ್ನಿಸುತ್ತದೆ’ ಹೋಗಿ, ‘ಮೇಲ್ಕಂಡ ಅಂಶಗಳಿಂದ ಕಂಡುಬರುವುದೇನೆಂದರೆ’ ಎಂಬ ಧಾಟಿಯ ಇಂಗ್ಲಿಷ್ ಬಂತು. 11.52ಕ್ಕೆ ಸಲ್ಲಿಕೆಯಾಯಿತು. ಮಗುವಿಗೆ ಸಹಾಯ ಮಾಡಿದ ನೆಮ್ಮದಿಯಲ್ಲಿ ಮಲಗಿದೆವು.

ಮುಂದಿನ ಗುರುವಾರ ಶಿಕ್ಷಕಿ ಅವಳನ್ನು ಕ್ಲಾಸು ಮುಗಿದ ಮೇಲೆ ನಿಲ್ಲಿಸಿಕೊಂಡರು. ಗೂಗಲ್ ಡಾಕ್ಸ್‌ನಲ್ಲಿ ಬರೆದ ಪ್ರಬಂಧಕ್ಕೆ ಪ್ರತಿ ಬದಲಾವಣೆಯ ಇತಿಹಾಸವೂ ಇರುತ್ತದೆ. ನಾಲ್ಕು ಗಂಟೆ ತಡವರಿಸುತ್ತ ನಡೆದ ಬರವಣಿಗೆ ಇದ್ದಕ್ಕಿದ್ದಂತೆ ಅರ್ಧ ಗಂಟೆಯಲ್ಲಿ ಎಡವದೆ ಓಡಿದ್ದು ಅದರಲ್ಲಿ ಎದ್ದು ಕಾಣುತ್ತಿತ್ತು. ಕ್ಲಾಸಿನಲ್ಲಿ ಪೆನ್ನಿನಲ್ಲಿ ಬರೆದ ಪುಟ ಪಕ್ಕದಲ್ಲೇ ಇತ್ತು. ‘ಈ ಮೂರು ಪ್ಯಾರಾದಲ್ಲಿ ಮಾತಾಡುತ್ತಿರುವುದು ಯಾರು?’ ಎಂದು ಕೇಳಿದರಂತೆ. ಅವಳು ಸುಳ್ಳು ಹೇಳಲಿಲ್ಲ.

ಶಿಕ್ಷಕಿ ಮನಸ್ಸು ಮಾಡಿದ್ದರೆ ವಿಷಯ ಡೀನ್ ಕಚೇರಿಗೆ ಹೋಗಿ, ದಾಖಲೆಯಲ್ಲಿ ಉಳಿದು, ಮುಂದೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಅಡ್ಡ ಬರಬಹುದಿತ್ತು. ಅವರು ಆ ಪ್ರಬಂಧಕ್ಕೆ ಸೊನ್ನೆ ಕೊಟ್ಟು, ಹೊಸ ವಿಷಯದ ಮೇಲೆ ಮೊದಲಿನಿಂದ ಬರೆಯಲು ಒಂದು ಅವಕಾಶ ಕೊಟ್ಟರು. ಮನೆಗೆ ಬಂದ ಮಗಳು ಹೆಚ್ಚು ಮಾತಾಡಲಿಲ್ಲ. ‘ನೀವು ಆಡಿಟ್ ಮಾಡದ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕ್ತೀರಾ? ನನ್ನ ಕೈಲಿ ಹಾಕಿಸಿದ್ರಿ’ ಎಂದಳು.

ನಾವಿಬ್ಬರೂ ಸುಮ್ಮನಿದ್ದೆವು. ಆರ್ಟಿಕಲ್‌ಶಿಪ್‌ನ ಮೊದಲ ತಿಂಗಳಲ್ಲೇ ಕಲಿತ ಪಾಠ ಅದು. ವರ್ಕಿಂಗ್ ಪೇಪರ್ ಇಲ್ಲದೆ ವರದಿಯಿಲ್ಲ, ವೋಚರ್ ಇಲ್ಲದೆ ಎಂಟ್ರಿಯಿಲ್ಲ. ಕರಡು ಎಂದರೆ ವರ್ಕಿಂಗ್ ಪೇಪರು. ಪ್ರಬಂಧದಲ್ಲಿ ಆಧಾರ ಸೂಚಿಸುವುದು ಎಂದರೆ ವೋಚರು. ಬೇರೆಯವರ ಕಂಪನಿಗೆ ಹೋಗಿ ಇದನ್ನೇ ಕೇಳುವ ನಾವು ಮನೆಯೊಳಗೆ ಮರೆತಿದ್ದೆವು.

ಫೀಸು ನಮ್ಮದು, ಅಂಕಪಟ್ಟಿ ಅವಳದು

ಶಿಕ್ಷಕಿಗೆ ಇಮೇಲ್ ಬರೆದು ತಪ್ಪೊಪ್ಪಿಕೊಂಡು, ಅಂಕಗಳು ಹೇಗಿವೆ ಎಂದೂ ಕೇಳಿದೆವು. ಸೌಜನ್ಯದ ಉತ್ತರ ಬಂತು. ತಪ್ಪೊಪ್ಪಿಗೆಗೆ ಧನ್ಯವಾದ, ಅಂಕದ ವಿಷಯ ಮಗಳನ್ನೇ ಕೇಳಿ. 1974ರ ‘ಫೆರ್ಪಾ’ ಕಾನೂನಿನ ಪ್ರಕಾರ ಕಾಲೇಜು ಸೇರಿದ ಕ್ಷಣದಿಂದ ದಾಖಲೆಗಳ ಹಕ್ಕು ವಿದ್ಯಾರ್ಥಿಯದು, ವಯಸ್ಸು ಹದಿನೆಂಟು ಆಗಿರದಿದ್ದರೂ. ತೆರಿಗೆ ಲೆಕ್ಕದಲ್ಲಿ ಅವಲಂಬಿತರೆಂದು ತೋರಿಸಿದ ಮಕ್ಕಳ ಮಾಹಿತಿಯನ್ನು ಕಾಲೇಜು ಪೋಷಕರಿಗೆ ಕೊಡಬಹುದು, ಕೊಡಲೇಬೇಕೆಂದಿಲ್ಲ. ಊರಿನಲ್ಲಿ ಪ್ರಿನ್ಸಿಪಾಲರ ಕೋಣೆಗೆ ಅಪ್ಪನನ್ನು ಕರೆಸುವ ಪದ್ಧತಿಯಲ್ಲಿ ಬೆಳೆದ ನಮಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ವಾರದ ಹನ್ನೆರಡು ಗಂಟೆಯಲ್ಲಿ ಹತ್ತು ಗಂಟೆಯನ್ನು ಅವಳ ಕೈಗೇ ಕೊಟ್ಟಿರುವ ಕೋರ್ಸಿಗೆ ಈ ಕಾನೂನು ಹೊಂದುತ್ತದೆ ಅನ್ನಿಸಿತು.

ಆ ಮೇಲೆ ಅವಳು ದಿನಚರಿ ಬದಲಿಸಿಕೊಂಡಳು. ಸೋಮ, ಮಂಗಳ, ಶನಿವಾರ ಸಂಜೆ ಗ್ರಂಥಾಲಯದಲ್ಲಿ ಕುಳಿತಳು. ಕಾಲೇಜಿನ ಬರವಣಿಗೆ ಕೇಂದ್ರಕ್ಕೆ ಕರಡು ಹಿಡಿದು ಹೋದಳು. ಅಲ್ಲಿ ಸೇವೆ ಉಚಿತ. ಅಲ್ಲಿಯವರು ತಿದ್ದಿಕೊಡುವುದಿಲ್ಲ, ‘ಈ ವಾಕ್ಯದಲ್ಲಿ ಏನು ಹೇಳಬೇಕಿತ್ತು?’ ಎಂದು ಕೇಳುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ನಮಗೂ ಆ ಕೇಂದ್ರಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಊರಿನಿಂದ ಬರುವವರಿಗೆ

ಹೈಬ್ರಿಡ್ ಕೋರ್ಸು ಆಯ್ದುಕೊಳ್ಳುವ ಮುನ್ನ ನಾಲ್ಕು ಮಾತು. ಒಂದು, ವೇಳಾಪಟ್ಟಿಯ ಖಾಲಿ ಜಾಗ ರಜೆಯಲ್ಲ. ಕ್ಲಾಸಿನ ಗಂಟೆಯಂತೆಯೇ ಬರೆಯುವ ಗಂಟೆಯನ್ನೂ ಗುರುತು ಹಾಕಿಕೊಳ್ಳಿ. ಎರಡು, ಆನ್‌ಲೈನ್ ಭಾಗದಲ್ಲಿ ಲಾಗಿನ್ ಆದ ಮಾತ್ರಕ್ಕೆ ಹಾಜರಿಯಲ್ಲ. ಚರ್ಚೆಯಲ್ಲಿ ಬರೆದರೆ, ಕೆಲಸ ಸಲ್ಲಿಸಿದರೆ ಹಾಜರಿ. ಮೊದಲ ವಾರ ಏನೂ ಮಾಡದವರನ್ನು ಪಟ್ಟಿಯಿಂದ ತೆಗೆಯುವ ಕಾಲೇಜುಗಳಿವೆ. ಮೂರು, ಎಫ್-1 ವೀಸಾದ ವಿದ್ಯಾರ್ಥಿಗಳು ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸನ್ನು, ಅಂದರೆ ಹೆಚ್ಚೆಂದರೆ 3 ಕ್ರೆಡಿಟ್ ಮಾತ್ರ ಸೇರಿಸಬಹುದು. ಖುದ್ದಾಗಿ ಹಾಜರಾಗಲೇಬೇಕಾದ ಹೈಬ್ರಿಡ್ ಕೋರ್ಸು ಸಾಮಾನ್ಯವಾಗಿ ಈ ಮಿತಿಗೆ ಸೇರದು. ಆದರೂ ಹೆಸರು ನೋಂದಾಯಿಸುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ನಾಲ್ಕು, ಬೇರೆಯವರ ಮಾತನ್ನು ಬಳಸಿದರೆ ಯಾರದ್ದೆಂದು ಹೇಳಿ. ಗೈಡಿನ ಉತ್ತರಕ್ಕೆ ಅಲ್ಲಿ ಅಂಕ ಸಿಕ್ಕಿರಬಹುದು, ಇಲ್ಲಿ ಅದಕ್ಕೆ ಕಳವು ಎನ್ನುತ್ತಾರೆ.

ಡಿಸೆಂಬರ್‌ನಲ್ಲಿ ಕೋರ್ಸು ಮುಗಿಯಿತು. ಮಗಳಿಗೆ ‘ಬಿ’ ಬಂತಂತೆ, ಅವಳೇ ಹೇಳಿದಳು. ಆ ಸೊನ್ನೆ ಇಲ್ಲದಿದ್ದರೆ ‘ಎ’ ಆಗುತ್ತಿತ್ತೇನೋ. ಆ ನಷ್ಟವನ್ನು ನಮ್ಮ ಖಾತೆಗೇ ಬರೆದುಕೊಂಡಿದ್ದೇವೆ. ಕೊನೆಯ ಪ್ರಬಂಧವನ್ನು ಸಲ್ಲಿಸಿದ ಮೇಲೆ ನಮಗೆ ಓದಲು ಕೊಟ್ಟಳು. ಎರಡು ಕಡೆ ವಾಕ್ಯ ಎಡವಿತ್ತು, ಒಂದು ಕಡೆ ವಾದ ನಮಗೆ ಒಪ್ಪಿಗೆಯಾಗಲಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಮಾತಾಡುತ್ತಿದ್ದವಳು ಅವಳೇ.

ಈಗ ಎರಡನೇ ಸೆಮಿಸ್ಟರ್. ಭಾನುವಾರ ರಾತ್ರಿ ಅವಳ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಕಾಫಿ ಮಾಡಿ ಕೊಟ್ಟು ಬರುತ್ತೇವೆ. ‘ತೋರಿಸು’ ಎನ್ನುವುದಿಲ್ಲ. ‘ಎಷ್ಟನೇ ಕರಡು?’ ಎಂದಷ್ಟೇ ಕೇಳುತ್ತೇವೆ.