ಮರದಚ್ಚಿನ ಸಕ್ಕರೆ

ಸಂಕ್ರಾಂತಿ ಹತ್ತಿರ ಬಂತೆಂದರೆ ಗೊರವನಹಳ್ಳಿ, ಕೊರಟಗೆರೆ ಸೀಮೆಯ ಮನೆಗಳಲ್ಲಿ ಮರದ ಅಚ್ಚುಗಳ ಗಂಟು ಅಟ್ಟದಿಂದ ಇಳಿಯುತ್ತಿತ್ತು. ಮೀನು, ಗಿಳಿ, ಆನೆ, ಗೋಪುರ, ತುಳಸಿಕಟ್ಟೆ. ಅಜ್ಜಿಯಿಂದ ಸೊಸೆಗೆ ಬಂದ ಆಸ್ತಿ ಅದು. ಎಳ್ಳು ಬೀರುವ ತಟ್ಟೆಯಲ್ಲಿ ಕಬ್ಬಿನ ತುಂಡು, ಬಾಳೆಹಣ್ಣಿನ ಜೊತೆಗೆ ಸಕ್ಕರೆ ಅಚ್ಚು ಇರಲೇಬೇಕು.

ಅಚ್ಚು ಹಾಕುವುದು ಅವಸರದವರ ಕೆಲಸವಲ್ಲ. ಹಿಂದಿನ ರಾತ್ರಿಯೇ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಬೇಕು. ಒಣಮರಕ್ಕೆ ಸಕ್ಕರೆ ಕಚ್ಚಿಕೊಂಡರೆ ಗಿಳಿಯ ಕೊಕ್ಕು ಒಳಗೇ ಉಳಿಯುತ್ತದೆ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದು ಸೌಟಿನಷ್ಟೇ ಪಾಕವನ್ನು ಸಣ್ಣ ಪಾತ್ರೆಯಲ್ಲಿ ಕಾಯಿಸಿ, ಹದ ಬಂದಾಗ ಪಾತ್ರೆಯ ಅಂಚಿಗೆ ಚಮಚದಿಂದ ಉಜ್ಜುವುದು. ಇಡೀ ವಿದ್ಯೆ ಇರುವುದು ಈ ಉಜ್ಜುವುದರಲ್ಲೇ. ಉಜ್ಜಿದಲ್ಲಿ ಹುಟ್ಟುವ ಸಣ್ಣ ಹರಳುಗಳು ಪಾಕವನ್ನೆಲ್ಲ ಹರಳುಗಟ್ಟಿಸಿ ಬೆಳ್ಳಗೆ ಮಾಡುತ್ತವೆ. ಕಡಿಮೆಯಾದರೆ ಅಂಟು, ಹೆಚ್ಚಾದರೆ ಪಾತ್ರೆಯಲ್ಲೇ ಕಲ್ಲು. ಬೆಳ್ಳಗಾದ ಕ್ಷಣವೇ ದಾರ ಬಿಗಿದ ಜೋಡಿ ಅಚ್ಚಿಗೆ ಹೊಯ್ದು, ತಣಿದ ಮೇಲೆ ಬಿಚ್ಚಿದರೆ ಆನೆಯ ಸೊಂಡಿಲಿನ ಗೆರೆಯೂ ಮೂಡಿರುತ್ತದೆ!

ಹಬ್ಬ ಮುಗಿದರೂ ಅಚ್ಚು ಮುಗಿಯುತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಕಹಿ ಕಷಾಯ ಕುಡಿದ ಮಗುವಿನ ಬಾಯಿಗೆ, ಬಿಸಿಲಿನಿಂದ ಬಂದವರಿಗೆ ನೀರಿನ ಜೊತೆಗೆ, ಕೊನೆಗೆ ಮುರಿದ ಚೂರುಗಳು ಹಾಲಿಗೆ.

ಸಕ್ಕರೆಯನ್ನು ಅಚ್ಚಿಗೆ ಹಾಕಿದವರು ನಾವಷ್ಟೇ ಅಲ್ಲ. ದೂರದ ಯುರೋಪಿನ ಮೊರಾವಿಯಾದ ದಾಚಿತ್ಸೆ ಊರಿನಲ್ಲಿ ಯಾಕುಬ್ ರಾಡ್ ಎಂಬಾತ 1843ರಲ್ಲಿ ಸಕ್ಕರೆಯನ್ನು ಅಚ್ಚಿಗೆ ಒತ್ತಿ ಚೌಕದ ತುಂಡು ಮಾಡುವುದಕ್ಕೆ ಹಕ್ಕುಪತ್ರ ಪಡೆದ. ಗಟ್ಟಿ ಸಕ್ಕರೆ ಒಡೆಯುವಾಗ ಹೆಂಡತಿಯ ಬೆರಳಿಗೆ ಗಾಯವಾದದ್ದೇ ಕಾರಣವಂತೆ. 1960ರ ದಶಕದಲ್ಲಿ ಅಮೆರಿಕದ ಮಕ್ಕಳು ಪೋಲಿಯೊ ಲಸಿಕೆ ನುಂಗಿದ್ದು ಅಂಥ ತುಂಡಿನ ಮೇಲೆ ಹನಿಸಿಕೊಂಡೇ. ಉಪಕಾರದ ವಸ್ತು, ನಿಜ. ಆದರೆ ಆರು ಮುಖದ ಆ ತುಂಡಿಗಿಂತ ನಮ್ಮ ಗಿಳಿಯೇ ನನಗೆ ಹೆಚ್ಚು.

ಈಗ ಅಚ್ಚು ಪೊಟ್ಟಣದಲ್ಲಿ ಸಿಗುತ್ತದೆ, ಗುಲಾಬಿ, ಹಳದಿ ಬಣ್ಣಗಳಲ್ಲೂ. ಕೊಳ್ಳುವುದು ತಪ್ಪಲ್ಲ, ಹದ ಬಲ್ಲ ಕೈಗಳು ಕಡಿಮೆಯಾಗುತ್ತಿರುವುದು ಮಾತ್ರ ನೋವು. ಧಾರವಾಡ, ಹಾವೇರಿ ಕಡೆ ಇದೇ ಕಲೆಗೆ ಗೌರಿ ಹುಣ್ಣಿಮೆಯ ಆಸರೆಯಿದೆ. ಅಲ್ಲಿ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಿಯ ಮುಂದೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿಯನ್ನೂ ತರುತ್ತಾರೆ.